ಸೂಜಿಯ ವಯಸ್ಸು

ಮಕ್ಕಳಾಗದ ದಂಪತಿಗೆ ಅಕ್ಯುಪಂಕ್ಚರ್ ಸೂಚಿಸುವವರು ಮೊದಲು ಹೇಳುವ ಮಾತು ‘ಇದು ಐದು ಸಾವಿರ ವರ್ಷಗಳ ಚೀನೀ ವೈದ್ಯ’ ಎಂದು. ನಮ್ಮ ಮಹಾನಗರಗಳಲ್ಲಿ ಈಗ ಈ ಚಿಕಿತ್ಸೆ ಐವಿಎಫ್‌ನ ಜೊತೆಗೆ ಒಂದು ಪ್ಯಾಕೇಜಿನ ಭಾಗವಾಗಿ ಸಿಗುತ್ತದೆ. ಭ್ರೂಣವನ್ನು ಗರ್ಭಕೋಶದೊಳಗೆ ಬಿಡುವ ದಿನ, ಬಿಡುವುದಕ್ಕೆ ಮೊದಲು ಒಮ್ಮೆ, ಬಿಟ್ಟಾದ ಮೇಲೆ ಇನ್ನೊಮ್ಮೆ, ತಲಾ 25 ನಿಮಿಷ ಸೂಜಿ ಚುಚ್ಚಿ ಮಲಗಿಸುತ್ತಾರೆ. ಯಾವ ಸಾಫ್ಟ್‌ವೇರ್ ಕೈಗೆ ಬಂದರೂ ಅದರ ಆವೃತ್ತಿಗಳ ಚರಿತ್ರೆಯನ್ನು ಮೊದಲು ತೆರೆದು ನೋಡುವುದು ನನ್ನ ಕಸುಬಿನ ಅಭ್ಯಾಸ. ಈ 25 ನಿಮಿಷ ಎಲ್ಲಿಂದ ಬಂತು ಎಂದು ಹಾಗೇ ಹುಡುಕುತ್ತ ಹೋದರೆ ಸಿಗುವುದು ಚೀನಾದ ಯಾವ ಚಕ್ರವರ್ತಿಯ ಕಾಲವೂ ಅಲ್ಲ. ಸಿಗುವುದು 2002ರ ಏಪ್ರಿಲ್ ತಿಂಗಳು, ಜರ್ಮನಿಯ ಉಲ್ಮ್ ಎಂಬ ಊರು.

ಹಾಗಾದರೆ ಹಳೆಯದು ಏನೂ ಇಲ್ಲವೇ? ಬೇಕಾದಷ್ಟಿದೆ. ಆದರೆ ಅದು ಬೇರೆಯದೇ ಸಂಗತಿ.

1973ರಲ್ಲಿ ಚೀನಾದ ಚಾಂಗ್‌ಶಾ ನಗರದ ಬಳಿಯ ಮಾವಾಂಗ್‌ದುಯಿ ದಿಬ್ಬದಲ್ಲಿ ಒಂದು ಸಮಾಧಿ ತೆರೆದರು. ಅದನ್ನು ಮುಚ್ಚಿದ್ದು ಕ್ರಿ.ಪೂ. 168ರಲ್ಲಿ. ಒಳಗೆ ರೇಷ್ಮೆಯ ಮೇಲೆ ಬರೆದ ಗ್ರಂಥಗಳು ಸಿಕ್ಕವು. ಅವುಗಳಲ್ಲಿ ವೈದ್ಯಕ್ಕೆ ಸೇರಿದವೂ ಇದ್ದವು. ಮೈಯಲ್ಲಿ ಹರಿಯುವ ನಾಡಿಗಳ ವರ್ಣನೆ ಅಲ್ಲಿದೆ, ಆ ನಾಡಿಗಳ ಮೇಲೆ ಮಾಚಿಪತ್ರೆಯ ಜಾತಿಯ ಸೊಪ್ಪನ್ನು ಸುಟ್ಟು ಶಾಖ ಕೊಡುವ ಮಾತಿದೆ, ಸೂಜಿಯ ಮಾತಿಲ್ಲ. ಅದೇ ಸಮಾಧಿಯಲ್ಲಿ ‘ತಾಯ್‌ಚಾನ್‌ಶು’ ಎಂಬ ಇನ್ನೊಂದು ಬರಹವೂ ಇತ್ತು. ಗರ್ಭ ನಿಲ್ಲುವುದು, ಬೆಳೆಯುವುದು, ಹುಟ್ಟುವುದು ಇದರ ವಿಷಯ. ಮೊದಲ ತಿಂಗಳಿಂದ ಹತ್ತನೆಯ ತಿಂಗಳವರೆಗೆ ಬಸುರಿ ಏನು ತಿನ್ನಬೇಕು, ಏನು ನೋಡಬೇಕು ಎಂಬುದಿದೆ. ಮಾಸನ್ನು ಯಾವ ದಿಕ್ಕಿನಲ್ಲಿ ಹೂಳಬೇಕು ಎನ್ನುವುದಕ್ಕೆ ನಕ್ಷೆಯೇ ಇದೆ. (ಮಾಸನ್ನು ಹಿತ್ತಲಲ್ಲಿ ಹೂಳುವ ರೂಢಿ ನಮ್ಮ ಹಳ್ಳಿಗಳಿಗೂ ಹೊಸದಲ್ಲ.) ಮುಟ್ಟು ಮುಗಿದ ಮೂರು ದಿನಗಳೊಳಗೆ ಕೂಡಿದರೆ ಮಗುವಾಗುತ್ತದೆ, ಮೊದಲ ದಿನವಾದರೆ ಗಂಡು, ಎರಡನೆಯ ದಿನವಾದರೆ ಹೆಣ್ಣು ಎಂದೂ ಅದು ಹೇಳುತ್ತದೆ. ಹೆಚ್ಚಿನ ಹೆಂಗಸರಲ್ಲಿ ಅಂಡಾಣು ಬಿಡುಗಡೆಯಾಗುವುದು ಅದಕ್ಕೂ ಹಲವು ದಿನಗಳ ನಂತರ. ಹಾಗಾಗಿ ಈ ಸಲಹೆ ನಂಬಿದವರಿಗೆ ಮಗು ಆಗಿದ್ದರೆ ಅದು ಸಲಹೆಯ ಹೊರಗೆ ನಡೆದಿರಬೇಕು.

ಸೂಜಿ ಮುಂದಿನ ಶತಮಾನದ ಹೊತ್ತಿಗೆ ಬರುತ್ತದೆ. ಹಳದಿ ಚಕ್ರವರ್ತಿಯ ಹೆಸರಿನಲ್ಲಿರುವ ‘ಹ್ವಾಂಗ್‌ದಿ ನೇಯ್‌ಜಿಂಗ್’ ರೂಪುಗೊಂಡದ್ದು ಸುಮಾರು ಕ್ರಿ.ಪೂ. ಒಂದನೆಯ ಶತಮಾನದಲ್ಲಿ ಎಂದು ವಿದ್ವಾಂಸರು ಹೇಳುತ್ತಾರೆ. ಅದರಲ್ಲಿ ಒಂಬತ್ತು ಬಗೆಯ ಸೂಜಿಗಳಿವೆ. ಕೆಲವು ಎಳೆಯಂತೆ ತೆಳು, ಇನ್ನು ಕೆಲವು ಕೀವು ತೆಗೆಯುವ ಕತ್ತಿಗಳೇ. ಅದರ ಮೊದಲ ಅಧ್ಯಾಯ ನನಗೆ ಬಹಳ ಹಿಡಿಸಿತು, ಯಾಕೆಂದರೆ ಅಲ್ಲಿ ಸಂತಾನಶಕ್ತಿಯನ್ನು ಮಗ್ಗಿಯ ಲೆಕ್ಕದಲ್ಲಿ ಹೇಳಿದೆ. ಹೆಣ್ಣಿಗೆ ಏಳರ ಮಗ್ಗಿ, ಗಂಡಿಗೆ ಎಂಟರ ಮಗ್ಗಿ. ಹೆಣ್ಣು ಏಳೆರಡಲ ಹದಿನಾಲ್ಕಕ್ಕೆ ಮೈನೆರೆಯುತ್ತಾಳೆ, ಏಳೈದಲ ಮೂವತ್ತೈದಕ್ಕೆ ಮುಖದ ಕಾಂತಿ ಇಳಿಯತೊಡಗುತ್ತದೆ, ಏಳೇಳಲ ನಲವತ್ತೊಂಬತ್ತಕ್ಕೆ ಮಕ್ಕಳಾಗುವ ಶಕ್ತಿ ಮುಗಿಯುತ್ತದೆ. ಗಂಡಿಗೆ ಎಂಟೆಂಟಲ ಅರವತ್ತನಾಲ್ಕು. ಇವತ್ತಿನ ಕ್ಲಿನಿಕ್ಕುಗಳಲ್ಲೂ 35 ಎಂಬ ಸಂಖ್ಯೆಯನ್ನು ದನಿ ತಗ್ಗಿಸಿಯೇ ಹೇಳುತ್ತಾರೆ. ಅದು ಬೇರೆ ದಾರಿಯಿಂದ ಬಂದ ಲೆಕ್ಕ.

ಮೂರನೆಯ ಶತಮಾನದ ಹುವಾಂಗ್‌ಫು ಮಿ ಅವರ ಸೂಜಿಗ್ರಂಥದಲ್ಲಿ ಮಕ್ಕಳಿಲ್ಲದ ಹೆಂಗಸಿಗೆಂದೇ ಕೆಲವು ಬಿಂದುಗಳನ್ನು ಹೇಳಿದೆ. ಹೊಕ್ಕುಳ ಕೆಳಗಿನ ಗುವಾನ್‌ಯುವಾನ್ ಅವುಗಳಲ್ಲಿ ಒಂದು. ಅಂದರೆ ಬಂಜೆತನಕ್ಕೆ ಸೂಜಿ ಎಂಬ ವಿಚಾರಕ್ಕೆ 1700 ವರ್ಷಗಳ ಆಧಾರ ಖಂಡಿತ ಇದೆ. ಆದರೆ ಮುಖ್ಯ ದಾರಿ ಅದಾಗಿರಲಿಲ್ಲ. ಏಳನೆಯ ಶತಮಾನದಲ್ಲಿ ಸುನ್ ಸಿಮ್ಯಾವ್ ಎಂಬ ದೊಡ್ಡ ವೈದ್ಯ ತಮ್ಮ ಔಷಧಗ್ರಂಥದಲ್ಲಿ ಹೆಂಗಸರ ಕಾಯಿಲೆಗಳನ್ನು ಮೊದಲಿಗೆ ತಂದರು, ಅದರಲ್ಲೂ ‘ಮಕ್ಕಳನ್ನು ಬೇಡುವುದು’ ಎಂಬ ಪ್ರಕರಣವನ್ನು ಎಲ್ಲಕ್ಕಿಂತ ಮುಂದೆ ಇಟ್ಟರು. ಅಲ್ಲಿ ಹೆಚ್ಚಾಗಿ ಇರುವುದು ಕಷಾಯ, ಗುಳಿಗೆ, ಚೂರ್ಣ. ಗಂಡಸಿಗೂ ಔಷಧ ಇದೆ. ಏಳು ಬೀಜಗಳ ಚೂರ್ಣ ಎಂಬುದು ವೀರ್ಯ ಕಡಿಮೆಯಾಗಿ ಮಕ್ಕಳಿಲ್ಲದ ಗಂಡಸರಿಗೆ. ಕನ್ನಡದಲ್ಲಿ ‘ಬಂಜೆ’ ಎಂಬ ಪದಕ್ಕೆ ಪುಲ್ಲಿಂಗವೇ ಇಲ್ಲ. 1300 ವರ್ಷ ಹಿಂದೆ ಆ ವೈದ್ಯ ದಂಪತಿಯಲ್ಲಿ ಇಬ್ಬರಿಗೂ ಔಷಧ ಬರೆದರು ಎಂಬುದನ್ನು ನಾನು ಸಣ್ಣ ಸಂಗತಿ ಎಂದುಕೊಳ್ಳುವುದಿಲ್ಲ. ಆಮೇಲಿನ ಸಾವಿರ ವರ್ಷಗಳ ಚೀನೀ ಸ್ತ್ರೀವೈದ್ಯವೂ ಬಹುಮಟ್ಟಿಗೆ ಇದೇ ಹಾದಿ ಹಿಡಿಯಿತು. ಮೊದಲು ಮುಟ್ಟನ್ನು ಸರಿಪಡಿಸು, ಅದಕ್ಕೆ ಬೇರು ನಾರು ಕುದಿಸಿ ಕೊಡು.

ಸೂಜಿ ಮತ್ತು ಗರ್ಭದ ಬಗ್ಗೆ ಆ ಪರಂಪರೆಯಲ್ಲಿ ಅತ್ಯಂತ ಪ್ರಸಿದ್ಧವಾದ ಕತೆ ಯಾವುದು ಗೊತ್ತೇ? ಅದು ಗರ್ಭ ನಿಲ್ಲಿಸಿದ ಕತೆಯಲ್ಲ, ಇಳಿಸಿದ ಕತೆ. ಐದನೆಯ ಶತಮಾನದ ದಕ್ಷಿಣ ಚೀನಾದಲ್ಲಿ ಲಿಯು ಸುಂಗ್ ವಂಶದ ಹದಿಹರೆಯದ ಚಕ್ರವರ್ತಿಯೊಬ್ಬನಿದ್ದ. ಕ್ರೌರ್ಯಕ್ಕೆ ಹೆಸರಾದವನು. ಒಂದು ದಿನ ತೋಟದ ಬಾಗಿಲಲ್ಲಿ ಬಸುರಿಯೊಬ್ಬಳು ಎದುರಾದಳು. ಅವನಿಗೂ ಸ್ವಲ್ಪ ವೈದ್ಯ ಗೊತ್ತಿತ್ತು, ನೋಡಿ ‘ಹೆಣ್ಣು’ ಎಂದ. ಜೊತೆಗಿದ್ದ ವೈದ್ಯ ಶು ವೆನ್‌ಬೋ ‘ಹೊಟ್ಟೆಯಲ್ಲಿ ಎರಡಿವೆ, ಒಂದು ಗಂಡು, ಒಂದು ಹೆಣ್ಣು’ ಎಂದ. ಯಾರು ಸರಿ ಎಂದು ತಿಳಿಯುವ ಆತುರದಲ್ಲಿ ಚಕ್ರವರ್ತಿ ಅವಳ ಹೊಟ್ಟೆ ಸೀಳಿಸಲು ಹೊರಟ. ವೈದ್ಯನಿಗೆ ಕರುಳು ಚುರ್ ಎಂದಿತು. ಕತ್ತಿ ಬೇಡ, ನಾನು ಸೂಜಿಯಿಂದ ಇಳಿಸುತ್ತೇನೆ ಎಂದು ಅವಳ ಕಾಲಿನ ಒಂದು ನಾಡಿಗೂ ಕೈಯ ಒಂದು ನಾಡಿಗೂ ಸೂಜಿ ಹಾಕಿದ. ಎರಡು ಶಿಶುಗಳು ಹೊರಬಿದ್ದವು, ಅವನು ಹೇಳಿದಂತೆಯೇ. ದಕ್ಷಿಣ ರಾಜವಂಶಗಳ ಅಧಿಕೃತ ಚರಿತ್ರೆಯಲ್ಲಿ ಈ ಪ್ರಸಂಗ ದಾಖಲಾಗಿದೆ. ನಡೆದದ್ದೇ ಎಂದು ನಾನು ನಂಬುವುದಿಲ್ಲ, ಆದರೆ ಮುಂದಿನ ವೈದ್ಯರೆಲ್ಲ ನಂಬಿದರು. ಆ ಎರಡು ಜಾಗಗಳನ್ನು ಅವರು ಕಾಲಿನ ಒಳಹರಡಿನ ಮೇಲಿನ ಸಾನ್‌ಯಿನ್‌ಜ್ಯಾವ್, ಹೆಬ್ಬೆರಳು ತೋರುಬೆರಳುಗಳ ನಡುವಿನ ಹೆಗು ಎಂದು ಗುರುತಿಸಿ, ಬಸುರಿಯರಿಗೆ ಅಲ್ಲಿ ಚುಚ್ಚಲೇಬಾರದು ಎಂದು ಬರೆದಿಟ್ಟರು. ಇಂದಿಗೂ ಅಕ್ಯುಪಂಕ್ಚರ್ ಪಠ್ಯಗಳಲ್ಲಿ ಆ ಎಚ್ಚರಿಕೆ ಇದೆ. ಈ ಎರಡು ಹೆಸರು ನೆನಪಿರಲಿ, ಮುಂದೆ ಬರುತ್ತವೆ.

ಹೀಗೆ ಬಂದ ಸೂಜಿವೈದ್ಯ ನಡುವೆ ಒಮ್ಮೆ ಬಹುತೇಕ ನಂದಿಹೋಗಿತ್ತು ಎಂಬುದನ್ನು ಐದು ಸಾವಿರ ವರ್ಷದವರು ಹೇಳುವುದಿಲ್ಲ. 1822ರಲ್ಲಿ ಡಾವೊಗುವಾಂಗ್ ಚಕ್ರವರ್ತಿ ರಾಜವೈದ್ಯ ಶಾಲೆಯಿಂದ ಅದನ್ನು ತೆಗೆದುಹಾಕಿಸಿದ. ದೊರೆಯ ಮೈಗೆ ಸೂಜಿ, ಬೆಂಕಿ ತಾಕಿಸುವುದು ತರವಲ್ಲ ಎಂಬುದು ಕಾರಣ. 1929ರಲ್ಲಿ ಹೊಸ ಗಣರಾಜ್ಯದ ಆರೋಗ್ಯ ಸಮಿತಿಯ ಮುಂದೆ ಯು ಯುನ್‌ಶಿಯು ಎಂಬ ವೈದ್ಯರು ಹಳೆಯ ವೈದ್ಯವನ್ನೇ ಪೂರ್ತಿ ನಿಲ್ಲಿಸುವ ಪ್ರಸ್ತಾಪ ಇಟ್ಟರು. ಮಾರ್ಚ್ 17ರಂದು ಶಾಂಘೈಯಲ್ಲಿ ದೇಶೀಯ ವೈದ್ಯರು ಸಭೆ ಸೇರಿ ಪ್ರತಿಭಟಿಸಿದರು, ಪ್ರಸ್ತಾಪ ಬಿದ್ದುಹೋಯಿತು. ಅದೇ ಕಾಲದಲ್ಲಿ ಚೆಂಗ್ ದಾನ್‌ಆನ್ ಎಂಬವರು ಸೂಜಿವೈದ್ಯವನ್ನು ಬಿಚ್ಚಿ ಮತ್ತೆ ಜೋಡಿಸಿದರು. ಒಂಬತ್ತು ಬಗೆಯಲ್ಲಿ ಒಂದಾಗಿದ್ದ ಎಳೆಸೂಜಿಯೇ ಮುಖ್ಯವಾಯಿತು. ರಕ್ತನಾಳದ ಮೇಲಿದ್ದ ಬಿಂದುಗಳನ್ನು ಅವರು ಪಕ್ಕಕ್ಕೆ ಸರಿಸಿ, ಪಾಶ್ಚಾತ್ಯ ಅಂಗರಚನಾಶಾಸ್ತ್ರದ ನರಗಳ ನಕ್ಷೆಯೊಂದಿಗೆ ಹೊಂದಿಸಿದರು. ಇವತ್ತು ಕ್ಲಿನಿಕ್ಕಿನ ಗೋಡೆಯ ಮೇಲೆ ನಾವು ನೋಡುವ ಚಿತ್ರಪಟ ಅವರ ಕೆಲಸಕ್ಕೆ ಋಣಿ. ಮಾವೋ ಸರ್ಕಾರಕ್ಕೆ ಕೋಟ್ಯಂತರ ಹಳ್ಳಿಗರಿದ್ದರು, ಅವರಿಗೆ ಸಾಕಾಗುವಷ್ಟು ಡಾಕ್ಟರುಗಳಿರಲಿಲ್ಲ. ಅದು ಈ ವೈದ್ಯವನ್ನು ಎತ್ತಿ ಹಿಡಿಯಿತು. 1956ರಲ್ಲಿ ಬೀಜಿಂಗ್, ಶಾಂಘೈ, ಗುವಾಂಗ್‌ಜೌ, ಚೆಂಗ್ಡು ನಗರಗಳಲ್ಲಿ ಕಾಲೇಜುಗಳಾದವು, ನೂರು ಮನೆತನಗಳ ನೂರು ಪದ್ಧತಿಗಳನ್ನು ಸೋಸಿ ಒಂದೇ ಪಠ್ಯಕ್ರಮ ಮಾಡಿದರು.

ಭಾರತಕ್ಕೆ ಇದು ಬಂದ ದಾರಿಯಲ್ಲಿ ಸೊಲ್ಲಾಪುರದ ನೆರಳಿದೆ. 1938ರಲ್ಲಿ ಜಪಾನಿನ ದಾಳಿಗೆ ಸಿಕ್ಕ ಚೀನಾಕ್ಕೆ ಕಾಂಗ್ರೆಸ್ ಕಳಿಸಿದ ಐವರು ವೈದ್ಯರಲ್ಲಿ ಸೊಲ್ಲಾಪುರದ ದ್ವಾರಕಾನಾಥ ಕೋಟ್ನಿಸ್ ಒಬ್ಬರು. ಅವರು ಅಲ್ಲೇ 1942ರಲ್ಲಿ ತೀರಿಕೊಂಡರು, ಶಾಂತಾರಾಂ ಸಿನಿಮಾದಿಂದ ಮನೆಮಾತಾದರು. ಕೋಟ್ನಿಸ್ ಶಸ್ತ್ರವೈದ್ಯರು, ಸೂಜಿವೈದ್ಯರಲ್ಲ. ಆದರೆ ಅದೇ ತಂಡದ ಬಿಜಯ್ ಕುಮಾರ್ ಬಸು 1950ರ ದಶಕದ ಕೊನೆಗೆ ಮತ್ತೆ ಚೀನಾಕ್ಕೆ ಹೋಗಿ ಅಕ್ಯುಪಂಕ್ಚರ್ ಕಲಿತು ಕೋಲ್ಕತ್ತಕ್ಕೆ ತಂದರು. ಅಂದರೆ ಅಮೆರಿಕಕ್ಕಿಂತ ಮೊದಲೇ ನಮ್ಮಲ್ಲಿ ಅದು ಕಾಲಿಟ್ಟಿತ್ತು. ಅಮೆರಿಕದಲ್ಲಿ ಅದು ಸುದ್ದಿಯಾದದ್ದು 1971ರ ಜುಲೈಯಲ್ಲಿ, ನ್ಯೂಯಾರ್ಕ್ ಟೈಮ್ಸ್‌ನ ಜೇಮ್ಸ್ ರೆಸ್ಟನ್ ಬೀಜಿಂಗಿನಲ್ಲಿ ಅಪೆಂಡಿಕ್ಸ್ ಆಪರೇಷನ್ ಮಾಡಿಸಿಕೊಂಡಾಗ. ಆಪರೇಷನ್ನಿಗೆ ಕೊಟ್ಟದ್ದು ಮಾಮೂಲಿ ಅರಿವಳಿಕೆಯ ಇಂಜೆಕ್ಷನ್, ಸೂಜಿ ಚುಚ್ಚಿದ್ದು ಆಮೇಲಿನ ಹೊಟ್ಟೆಯುಬ್ಬರಕ್ಕೆ. ಕೇಳಿದವರ ನೆನಪಿನಲ್ಲಿ ಮಾತ್ರ ‘ಬರೀ ಸೂಜಿಯಲ್ಲೇ ಆಪರೇಷನ್’ ಎಂದು ಉಳಿಯಿತು.

ಅಷ್ಟರಲ್ಲಿ ಸಂತಾನದ ಕತೆ ಪ್ರಯೋಗಶಾಲೆ ಸೇರಿತ್ತು. 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಲೂಯಿಸ್ ಬ್ರೌನ್ ಹುಟ್ಟಿದಳು. ಚೀನಾದ ಮೊದಲ ಪ್ರನಾಳ ಶಿಶು ಹುಟ್ಟಿದ್ದು 1988ರ ಮಾರ್ಚ್ 10ರಂದು, ಡಾ. ಜಾಂಗ್ ಲಿಜು ಅವರ ಕೈಯಲ್ಲಿ. ಐವಿಎಫ್‌ನಲ್ಲಿ ಭ್ರೂಣ ತಯಾರಾಗುವುದು ಕೈಗೆ ಸಿಗುವ ಕೆಲಸ. ಅದು ಗರ್ಭಕೋಶಕ್ಕೆ ಅಂಟಿಕೊಳ್ಳುವುದು ಮಾತ್ರ ಯಾರ ಕೈಯಲ್ಲೂ ಇಲ್ಲ. ಅಂಟದೆ ಹೋಗುವುದೇ ಹೆಚ್ಚು. ಆ ಎರಡು ವಾರಗಳ ಕಾಯುವಿಕೆಯ ಜಾಗಕ್ಕೇ ಸೂಜಿ ಬಂದು ಕೂತಿತು.

ದಾರಿ ತೆರೆದದ್ದು ಸ್ವೀಡನ್. 1996ರಲ್ಲಿ ಗೋಥೆನ್‌ಬರ್ಗ್‌ನ ಎಲಿಸಬೆತ್ ಸ್ಟೆನರ್-ವಿಕ್ಟೋರಿನ್ ಮತ್ತು ಸಂಗಡಿಗರು ಹತ್ತು ಮಹಿಳೆಯರಿಗೆ ನಾಲ್ಕು ವಾರಗಳಲ್ಲಿ ಎಂಟು ಸಲ ಸೂಜಿ ಚುಚ್ಚಿ, ಅದರ ಮೂಲಕ ಸಣ್ಣ ವಿದ್ಯುತ್ ಹರಿಸಿ, ಗರ್ಭಕೋಶದ ರಕ್ತನಾಳಗಳಲ್ಲಿ ರಕ್ತ ಹೆಚ್ಚು ಸರಾಗವಾಗಿ ಹರಿಯುತ್ತದೆ ಎಂದು ಅಲ್ಟ್ರಾಸೌಂಡಿನಲ್ಲಿ ತೋರಿಸಿದರು. ‘ಚೀ’ ಎಂಬ ಪ್ರಾಣಶಕ್ತಿಯ ಮಾತು ಅಲ್ಲಿ ಬೇಕಾಗಲಿಲ್ಲ, ನರಗಳ ಮಾತು ಸಾಕಾಯಿತು. ಹತ್ತೇ ಜನ, ಹೋಲಿಸಲು ಇನ್ನೊಂದು ಗುಂಪಿಲ್ಲ, ಯಾರಿಗೆ ಮಗುವಾಯಿತು ಎಂಬುದು ಅಲ್ಲಿಯ ಪ್ರಶ್ನೆಯೂ ಅಲ್ಲ. ಆದರೂ ಸೂಜಿಗೂ ಗರ್ಭಕೋಶಕ್ಕೂ ಆಧುನಿಕ ಭಾಷೆಯಲ್ಲಿ ಒಂದು ಕೊಂಡಿ ಸಿಕ್ಕಿತ್ತು.

ಆಮೇಲೆ ಉಲ್ಮ್. ವುಲ್ಫ್‌ಗಾಂಗ್ ಪೌಲಸ್ ಮತ್ತು ಸಂಗಡಿಗರ ತಂಡದಲ್ಲಿ ಚೀನಾದ ವುಹಾನ್‌ನ ವೈದ್ಯರೂ ಇದ್ದರು. 160 ಮಹಿಳೆಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. 80 ಜನರಿಗೆ ಭ್ರೂಣ ಬಿಡುವ ಮೊದಲು ಮತ್ತು ನಂತರ 25 ನಿಮಿಷ ಸೂಜಿ. ಉಳಿದ 80 ಜನರಿಗೆ ಸೂಜಿ ಇಲ್ಲ. ಸೂಜಿಯ ಗುಂಪಿನಲ್ಲಿ 34 ಜನ ಗರ್ಭಿಣಿಯರಾದರು, ಇನ್ನೊಂದರಲ್ಲಿ 21. ಶೇಕಡಾ 42.5 ಮತ್ತು 26.3. ಎಂಥವರ ಎದೆಯಲ್ಲೂ ಆಸೆ ಹುಟ್ಟಿಸುವ ಅಂಕಿ ಇದು. ಇವತ್ತು ಎಲ್ಲ ಊರುಗಳಲ್ಲಿ ನಡೆಯುವ 25 ನಿಮಿಷದ ಪದ್ಧತಿ ಈ ನಾಲ್ಕು ಪುಟಗಳ ಲೇಖನದ್ದು.

ಭ್ರೂಣ ಬಿಟ್ಟ ನಂತರ ಅವರು ಚುಚ್ಚಿದ ಬಿಂದುಗಳ ಪಟ್ಟಿ ನೋಡಿ. ಅದರಲ್ಲಿ ಸಾನ್‌ಯಿನ್‌ಜ್ಯಾವ್ ಇದೆ. ಹೆಗು ಇದೆ. ಶು ವೆನ್‌ಬೋ ಆ ಬಡಪಾಯಿಯ ಗರ್ಭ ಇಳಿಸಿದ ಎರಡೂ ಬಿಂದುಗಳು! ಗರ್ಭಕೋಶಕ್ಕೆ ರಕ್ತ ಮತ್ತು ಶಕ್ತಿ ಹರಿಯಲಿ, ಅದು ಬಿಗಿಯದಿರಲಿ ಎಂಬ ಉದ್ದೇಶದಿಂದ ಆರಿಸಿದ್ದು ಎಂದು ಲೇಖಕರು ಹೇಳಿದ್ದಾರೆ. ಭ್ರೂಣ ಇನ್ನೂ ಅಂಟಿರದ ಹೊತ್ತಿನಲ್ಲಿ ಅವಳು ಬಸುರಿಯಲ್ಲ ಎಂದೂ ವಾದಿಸಬಹುದು. ಅದರಿಂದ ಯಾರಿಗೂ ಹಾನಿಯಾಯಿತು ಎಂದು ನಾನು ಹೇಳುತ್ತಿಲ್ಲ. ಹೇಳುವುದಿಷ್ಟೆ. ಹದಿನೈದು ನೂರು ವರ್ಷ ‘ಇಲ್ಲಿ ಮುಟ್ಟಬೇಡ’ ಎಂದು ಬರೆದಿಟ್ಟ ಜಾಗದಲ್ಲೇ ಚುಚ್ಚುವ ಪದ್ಧತಿಯನ್ನು ಆ ಪರಂಪರೆಯ ಹೆಸರಿನಲ್ಲಿ ಮಾರುವುದು ಸರಿಯಲ್ಲ. ಅದು ಹೊಸದು. ಹೊಸದಾಗಿರುವುದು ತಪ್ಪೂ ಅಲ್ಲ. ಹೊಸದಾದರೆ ಅದನ್ನು ಹೊಸ ಔಷಧಿಯಂತೆಯೇ ಒರೆಗೆ ಹಚ್ಚಬೇಕು.

ಹಚ್ಚಿದರು ಕೂಡ. ಉಲ್ಮ್‌ನ ಪ್ರಯೋಗದಲ್ಲಿ ಒಂದು ಬಿರುಕಿತ್ತು. ಸೂಜಿ ಬಿದ್ದವರಿಗೆ ತಮಗೆ ಏನೋ ವಿಶೇಷ ಸಿಗುತ್ತಿದೆ ಎಂದು ಗೊತ್ತಿತ್ತು, ಉಳಿದವರಿಗೆ ಸಿಗುತ್ತಿಲ್ಲ ಎಂದೂ ಗೊತ್ತಿತ್ತು. 1998ರಲ್ಲೇ ಹೈಡೆಲ್‌ಬರ್ಗ್‌ನ ಸ್ಟ್ರೈಟ್‌ಬರ್ಗರ್ ಒಂದು ಜಾಣ ಸಾಧನ ಮಾಡಿದ್ದರು. ಮೊಂಡು ತುದಿಯ ಸೂಜಿ ಅದು. ಒತ್ತಿದರೆ ಚರ್ಮದೊಳಗೆ ಹೋಗುವ ಬದಲು ತನ್ನ ಹಿಡಿಯೊಳಗೇ ಸರಿದುಕೊಳ್ಳುತ್ತದೆ, ನಾಟಕದ ಕತ್ತಿಯಂತೆ. ಚುಚ್ಚಿಸಿಕೊಂಡವರಿಗೆ ನಿಜವಾದದ್ದೇ ಅನಿಸುತ್ತದೆ. ಪೌಲಸ್ ತಂಡವೇ ಈ ಸೋಗಿನ ಸೂಜಿಯೊಂದಿಗೆ ಮತ್ತೆ ಪ್ರಯೋಗ ಮಾಡಿ 2003ರಲ್ಲಿ ಸಮ್ಮೇಳನವೊಂದರಲ್ಲಿ ಮಂಡಿಸಿತು. ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿಯಲಿಲ್ಲ. ಆ ಮಾತು ಮಾತ್ರ ಮೊದಲಿನಷ್ಟು ದೂರ ಹೋಗಲಿಲ್ಲ.

ದೂರ ಹೋದದ್ದು ‘ಶೇಕಡಾ 65’ ಎಂಬ ಸಂಖ್ಯೆ. 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಎರಿಕ್ ಮ್ಯಾನ್‌ಹೈಮರ್ ತಂಡ ಏಳು ಪ್ರಯೋಗಗಳ 1366 ಮಹಿಳೆಯರ ಫಲಿತಾಂಶಗಳನ್ನು ಒಟ್ಟುಗೂಡಿಸಿ 1.65 ಎಂಬ ಅನುಪಾತ ಕೊಟ್ಟಿತು. ಪತ್ರಿಕೆಗಳು ಅದನ್ನು ‘ಗರ್ಭಧಾರಣೆ ಶೇ. 65 ಹೆಚ್ಚು’ ಎಂದು ಬರೆದವು. ಲೆಕ್ಕದವನಾಗಿ ಇಲ್ಲಿ ಸ್ವಲ್ಪ ತಡೆಯಲೇಬೇಕು. 1.65 ಎಂಬುದು ಸಂಭವದ ಅನುಪಾತವಲ್ಲ, ಆಡ್ಸ್ ಅನುಪಾತ. ಅಂದರೆ ಗರ್ಭವಾದವರು ಎಷ್ಟು, ಆಗದವರು ಎಷ್ಟು ಎಂಬ ಭಾಗಾಕಾರದ ಹೋಲಿಕೆ. 100ರಲ್ಲಿ 30 ಜನರಿಗೆ ಫಲಿಸುವ ಕ್ಲಿನಿಕ್ ಎಂದಿಟ್ಟುಕೊಳ್ಳಿ. 30ನ್ನು 70ರಿಂದ ಭಾಗಿಸಿದರೆ 0.43. ಅದನ್ನು 1.65ರಿಂದ ಗುಣಿಸಿದರೆ 0.71. ಹಿಂದಕ್ಕೆ ತಿರುಗಿಸಿದರೆ 100ರಲ್ಲಿ ಸುಮಾರು 41. ಮೂವತ್ತು ನಲವತ್ತೊಂದಾಗುತ್ತದೆಯೇ ಹೊರತು ಐವತ್ತಾಗುವುದಿಲ್ಲ. ಅದೂ ಆ ಏಳು ಪ್ರಯೋಗಗಳನ್ನು ನಂಬಿದರೆ. 2013ರಲ್ಲಿ ಮ್ಯಾನ್‌ಹೈಮರ್ ಅವರೇ 16 ಪ್ರಯೋಗಗಳ 4021 ಮಹಿಳೆಯರನ್ನು ಸೇರಿಸಿ ಮತ್ತೆ ಲೆಕ್ಕ ಹಾಕಿದಾಗ ಒಟ್ಟಾರೆ ಲಾಭ ಖಚಿತವಾಗಿ ಕಾಣಲಿಲ್ಲ.

ಈ ಲೆಕ್ಕ ನನಗೆ ಬರೀ ಲೆಕ್ಕವಲ್ಲ. ನನ್ನ ಹೆಂಡತಿ ಎರಡು ಸಲ ಐವಿಎಫ್ ಮಾಡಿಸಿಕೊಂಡಳು. ಮೊದಲ ಸಲ ಸೂಜಿಯೂ ಇತ್ತು, ನಿಲ್ಲಲಿಲ್ಲ. ಎರಡನೆಯ ಸಲ ಸೂಜಿ ಇರಲಿಲ್ಲ, ಮಗಳು ಹುಟ್ಟಿದಳು. ಇದರಿಂದ ಏನೂ ಸಾಬೀತಾಗುವುದಿಲ್ಲ. ಉಲ್ಟಾ ಆಗಿದ್ದರೂ ಆಗುತ್ತಿರಲಿಲ್ಲ, ಆದರೆ ಆಗ ನಮ್ಮ ಎರಡೂ ಮನೆಯವರು ಊರಿಗೆಲ್ಲ ಸೂಜಿಯ ಮಹಿಮೆ ಹೇಳುತ್ತಿದ್ದರು. ಆ ಕೋಣೆಯ ಬಗ್ಗೆ ಅವಳು ಇವತ್ತಿಗೂ ಒಳ್ಳೆಯ ಮಾತೇ ಆಡುತ್ತಾಳೆ. ‘ಅರ್ಧ ಗಂಟೆ ಯಾರೂ ಏನೂ ಕೇಳಲಿಲ್ಲ ಕಣ್ರೀ, ಫೋನೂ ಇರಲಿಲ್ಲ. ಅಮ್ಮ ಇಲ್ಲ, ಅತ್ತೆ ಇಲ್ಲ, ರಿಪೋರ್ಟೂ ಇಲ್ಲ. ನಿದ್ದೆ ಬಂದುಬಿಡ್ತು.’ 2009ರಲ್ಲಿ ಅಮೆರಿಕದ ಆಲಿಸ್ ಡಾಮರ್ ತಂಡ ಪ್ರಕಟಿಸಿದ್ದೂ ಇದಕ್ಕೆ ಹತ್ತಿರದ್ದೇ. ಸೂಜಿಯಿಂದ ಗರ್ಭಧಾರಣೆ ಹೆಚ್ಚಲಿಲ್ಲ, ಚುಚ್ಚಿಸಿಕೊಂಡವರ ಆತಂಕ ಕಡಿಮೆಯಾಗಿತ್ತು. ಊರಿನಿಂದ ದೂರ, ರಜೆ ಹಾಕಿ, ಆಫೀಸಿನಲ್ಲಿ ಸುಳ್ಳು ಕಾರಣ ಹೇಳಿ ಕ್ಲಿನಿಕ್ಕಿಗೆ ಓಡಾಡುವವರಿಗೆ ಆ ಅರ್ಧ ಗಂಟೆಯ ಬೆಲೆ ಗೊತ್ತು. ಅದನ್ನು ಅದರದೇ ಹೆಸರಿನಲ್ಲಿ ಕೊಟ್ಟರೆ ನನ್ನ ತಕರಾರಿಲ್ಲ.

ಅದೇ 2009ರಲ್ಲಿ ಹಾಂಗ್‌ಕಾಂಗ್ ವಿಶ್ವವಿದ್ಯಾಲಯದವರು 370 ಮಹಿಳೆಯರ ಮೇಲೆ ನಿಜ ಸೂಜಿಯನ್ನೂ ಸೋಗಿನ ಸೂಜಿಯನ್ನೂ ಹೋಲಿಸಿದ್ದರು. ಪರೀಕ್ಷೆಯಲ್ಲಿ ಪಾಸಿಟಿವ್ ಬಂದವರು ನಿಜ ಸೂಜಿಯ ಗುಂಪಿನಲ್ಲಿ ಶೇಕಡಾ 43.8, ಸೋಗಿನ ಗುಂಪಿನಲ್ಲಿ 55.1. ಹೆಚ್ಚು ಬಂದದ್ದು ಒಳಗೆ ಹೋಗದ ಸೂಜಿಗೆ! ಮಗು ಹುಟ್ಟುವ ಪ್ರಮಾಣದಲ್ಲಿ ಅರ್ಥಪೂರ್ಣ ವ್ಯತ್ಯಾಸ ಇರಲಿಲ್ಲ. ಕ್ಯಾರೊಲೈನ್ ಸ್ಮಿತ್ ನೇತೃತ್ವದಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ 16 ಕೇಂದ್ರಗಳಲ್ಲಿ 848 ಮಹಿಳೆಯರೊಂದಿಗೆ ನಡೆದ ಪ್ರಯೋಗ 2018ರಲ್ಲಿ ಪ್ರಕಟವಾಯಿತು. ಇವರು ಎಣಿಸಿದ್ದು ಜೀವಂತ ಹುಟ್ಟಿದ ಮಕ್ಕಳನ್ನೇ. ನಿಜ ಸೂಜಿ ಶೇಕಡಾ 18.3, ಸೋಗಿನ ಸೂಜಿ 17.8.

ನನ್ನ ಮಟ್ಟಿಗೆ ಎಲ್ಲಕ್ಕಿಂತ ತೂಕದ್ದು ಅದರ ಹಿಂದಿನ ವರ್ಷ ಬಂದ ಚೀನಾದ್ದೇ ಪ್ರಯೋಗ. ಅದನ್ನು ನಡೆಸಿದವರು ಸೂಜಿಯ ವಿರೋಧಿಗಳಲ್ಲ. ಹಾರ್ಬಿನ್‌ನ ಚೀನೀ ವೈದ್ಯ ವಿಶ್ವವಿದ್ಯಾಲಯದ ವೂ ಶಿಯಾವ್‌ಕ ಅದರ ಮುಖ್ಯಸ್ಥರು, ಜೊತೆಯ ಲೇಖಕಿ 1996ರ ಅದೇ ಸ್ಟೆನರ್-ವಿಕ್ಟೋರಿನ್. ಐವಿಎಫ್ ಅಲ್ಲ, ಪಿಸಿಓಎಸ್‌ನಿಂದ ಮಕ್ಕಳಾಗದ 1000 ಮಹಿಳೆಯರು. ನಾಲ್ಕು ಗುಂಪು. ಕೆಲವರಿಗೆ ನಿಜ ಸೂಜಿ, ಕೆಲವರಿಗೆ ಸೋಗಿನ ಸೂಜಿ. ಎರಡರಲ್ಲೂ ಅರ್ಧ ಜನರಿಗೆ ಅಂಡಾಣು ಬಿಡುಗಡೆ ಮಾಡಿಸುವ ಕ್ಲೋಮಿಫೀನ್ ಮಾತ್ರೆ, ಇನ್ನರ್ಧಕ್ಕೆ ಅದರಂತೆಯೇ ಕಾಣುವ ಖಾಲಿ ಮಾತ್ರೆ. ನಿಜ ಸೂಜಿ, ನಿಜ ಮಾತ್ರೆ ಎರಡೂ ಸಿಕ್ಕವರಲ್ಲಿ ಮಗು ಹುಟ್ಟಿದ್ದು ಶೇಕಡಾ 29.4 ಜನರಿಗೆ. ಸೋಗಿನ ಸೂಜಿಯೊಂದಿಗೆ ನಿಜ ಮಾತ್ರೆಯಾದರೆ 28. ನಿಜ ಸೂಜಿಯೊಂದಿಗೆ ಖಾಲಿ ಮಾತ್ರೆಯಾದರೆ 13.9. ಎರಡೂ ಸೋಗಿನದಾದರೆ 16.8. ಕೆಲಸ ಮಾಡಿದ್ದು 1960ರ ದಶಕದಿಂದ ಬಳಕೆಯಲ್ಲಿರುವ ಅಗ್ಗದ ಮಾತ್ರೆ. ಇಂಥ ಮಹಿಳೆಯರಿಗೆ ಸಂತಾನದ ಚಿಕಿತ್ಸೆಯಾಗಿ ಸೂಜಿಯನ್ನು ಈ ಫಲಿತಾಂಶ ಸಮರ್ಥಿಸುವುದಿಲ್ಲ ಎಂದು ಲೇಖಕರೇ ಬರೆದರು. ಸೂಜಿಯ ತವರಿನಲ್ಲಿ, ಅದನ್ನೇ ಕಲಿಸುವ ವಿಶ್ವವಿದ್ಯಾಲಯದಲ್ಲಿ, ಅದರಲ್ಲಿ ಭರವಸೆ ಇಟ್ಟವರೇ ತಮ್ಮ ಹೆಸರು ಹಾಕಿ ಪ್ರಕಟಿಸಿದ ವಾಕ್ಯ ಇದು.